ಎಂಟನೇ ಇನ್ನಿಂಗ್ಸಿನ ಒದ್ದೆ ಚೌಕ

ಮಾರ್ಚ್ 3, ಸೋಮವಾರ. ಆ ದಿನದ ನನ್ನ ದಿನಚರಿಯಲ್ಲಿ ಇರುವುದು ಇಷ್ಟು: 'ಹೊಸ ಪಂದ್ಯ ಬಂತು. ಸ್ಕೋರ್ ಹಾಳೆ ಒಂದು. ರೇಡಿಯೊ ಧ್ವನಿಮುದ್ರಿಕೆ ಒಂದು, ಅದೂ ಅರ್ಧ. ಪತ್ರಿಕೆಯ ತುಣುಕು ಒಂದು. ಓದಲಾಗದ ಚೌಕಗಳು ಐದು. ಗಡುವು 18, ಮಂಗಳವಾರ.'

ನಮ್ಮ ಕಚೇರಿ ಈ ದ್ವೀಪನಗರದ ವ್ಯಾಪಾರ ಕೇಂದ್ರವಾದ ರಾಫೆಲ್ಸ್ ಪ್ಲೇಸ್‌ನ ಒಂದು ಕಟ್ಟಡದ ಹದಿನಾಲ್ಕನೇ ಮಹಡಿಯಲ್ಲಿದೆ. ಕೆಳಗಿನ ಮಹಡಿಗಳಲ್ಲೆಲ್ಲ ಬ್ಯಾಂಕಿನವರು. ಲಿಫ್ಟ್‌ನಲ್ಲಿ ಅವರು ಇಳಿದು ಹೋದ ಮೇಲೆ ಉಳಿಯುವ ಆರು ಜನ ನಾವು. ಹಳೆಯ ಬೇಸ್‌ಬಾಲ್ ಪಂದ್ಯಗಳ ಕೈಬರಹದ ಸ್ಕೋರ್ ಹಾಳೆಗಳನ್ನು ಓದಿ, ಉಳಿದಿರುವ ರೇಡಿಯೊ ಧ್ವನಿಮುದ್ರಿಕೆಗಳನ್ನು ಕೇಳಿ, ಒಬ್ಬೊಬ್ಬ ಬ್ಯಾಟರ್‌ಗೆ ಏನಾಯಿತು ಎಂಬುದನ್ನು ಕಂಪ್ಯೂಟರಿಗೆ ಸೇರಿಸುವುದು ನಮ್ಮ ಕೆಲಸ. ನಾನು ಬೇಸ್‌ಬಾಲ್ ಆಡಿದವಳಲ್ಲ. ಮೈಸೂರಿನಲ್ಲಿ ಕಾಲೇಜಿನ ಕ್ರಿಕೆಟ್ ಪಂದ್ಯಗಳಿಗೆ ನಾಲ್ಕು ವರ್ಷ ಸ್ಕೋರರ್ ಆಗಿದ್ದೆ. ಸಂದರ್ಶನದಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ.

ಆ ಪಂದ್ಯ ನಡೆದು ಎಪ್ಪತ್ತು ವರ್ಷಗಳ ಮೇಲಾಗಿದೆ. ಅಮೆರಿಕದ ಎರಡು ಸಣ್ಣ ಊರುಗಳ ವೃತ್ತಿಪರ ತಂಡಗಳು, ಕೆಳಹಂತದ ಲೀಗ್, ಒಂದು ಮಧ್ಯಾಹ್ನ. ಪ್ರವಾಸಿ ತಂಡ ಐದಕ್ಕೆ ನಾಲ್ಕರಿಂದ ಸೋತಿತು. ಇಂಥ ಪಂದ್ಯಗಳು ನಮ್ಮ ಸರ್ವರ್‌ನಲ್ಲಿ ರಾಶಿ ಬಿದ್ದಿವೆ. ಇದರ ಜೊತೆ ಮಾತ್ರ ಒಂದು ಪತ್ರ ಬಂದಿತ್ತು.

ಬರೆದವರು ಒಬ್ಬ ಮಹಿಳೆ. ಅವರ ತಂದೆ ಪ್ರವಾಸಿ ತಂಡದಲ್ಲಿದ್ದವರು, ಈಗ ತೊಂಬತ್ತನಾಲ್ಕು ವರ್ಷ. ವೃತ್ತಿಪರ ಆಟಗಾರನಾಗಿ ಅವರು ಮೈದಾನಕ್ಕಿಳಿದದ್ದು ಆ ಒಂದೇ ಪಂದ್ಯದಲ್ಲಿ, ಅದರಲ್ಲೂ ಎಂಟನೇ ಇನ್ನಿಂಗ್ಸಿನಲ್ಲಿ ಒಮ್ಮೆ, ಬೇರೊಬ್ಬನ ಬದಲಿಗೆ ಬ್ಯಾಟ್ ಹಿಡಿದು. ಅವರ ಊರಿನ ಹಳೆಯ ಮೈದಾನದಲ್ಲಿ ಈಗ ಒಂದು ಫಲಕ ನಿಲ್ಲಿಸುತ್ತಿದ್ದಾರೆ. ಊರಿನ ತಂಡಕ್ಕಾಗಿ ಒಂದಾದರೂ ಹಿಟ್ ಹೊಡೆದವರ ಹೆಸರುಗಳು ಅದರ ಮೇಲೆ. ಕೆತ್ತುವವರಿಗೆ ಪಟ್ಟಿ ಹೋಗುವುದು ನಮ್ಮ ದಾಖಲೆಯಿಂದ. 'ಹಿಟ್ ಹೊಡೆದೆ ಎಂದು ಅಪ್ಪ ಹೇಳುತ್ತಾರೆ,' ಎಂದು ಆಕೆ ಬರೆದಿದ್ದರು. 'ಅವರ ನೆನಪು ಈಗ ಮೊದಲಿನಂತಿಲ್ಲ. ಇದ್ದುದನ್ನು ಇದ್ದ ಹಾಗೆ ಬರೆಯಿರಿ. ಎರರ್ ಆಗಿದ್ದರೆ ಎರರ್ ಎಂದೇ ಬರೆಯಲಿ ಎಂದು ಅವರೇ ಹೇಳಿದ್ದಾರೆ.'

ಹಿಟ್ ಮತ್ತು ಎರರ್ ಎಂದರೇನೆಂದು ಹೇಳಿಬಿಡುತ್ತೇನೆ. ಬ್ಯಾಟರ್ ಚೆಂಡನ್ನು ಹೊಡೆದು ಓಡಿ, ಓಟದ ಸುತ್ತಿನ ನಾಲ್ಕು ಮೂಲೆಗಳಲ್ಲಿ ಮೊದಲನೆಯದನ್ನು, ಅಂದರೆ ಮೊದಲ ಬೇಸನ್ನು, ಮುಟ್ಟುತ್ತಾನೆ. ಅವನ ಹೊಡೆತದ ಬಲದಿಂದಲೇ ಮುಟ್ಟಿದರೆ ಹಿಟ್, ಅವನ ಲೆಕ್ಕಕ್ಕೆ. ಸುಲಭವಾಗಿ ಹಿಡಿಯಬಹುದಾದ ಚೆಂಡನ್ನು ಫೀಲ್ಡರ್ ಬಿಟ್ಟದ್ದರಿಂದ ಮುಟ್ಟಿದರೆ ಎರರ್, ಫೀಲ್ಡರ್‌ನ ಲೆಕ್ಕಕ್ಕೆ. ಎರಡರಲ್ಲೂ ಬ್ಯಾಟರ್ ನಿಂತಿರುವುದು ಅದೇ ಬೇಸ್ ಮೇಲೆ. ಆದರೆ ಎರಡನೆಯದರಲ್ಲಿ ಅವನ ಹೆಸರಿನ ಮುಂದೆ ಸೊನ್ನೆ. ಯಾವುದು ಏನೆಂದು ತೀರ್ಮಾನಿಸುವುದು ಮೈದಾನದಲ್ಲಿ ಕುಳಿತ ಅಧಿಕೃತ ಸ್ಕೋರರ್.

ಬೆಂಗಳೂರಿನವರಾದ ನಮ್ಮ ತಂಡದ ಮುಖ್ಯಸ್ಥೆ ಪತ್ರ ಓದಿ ನನ್ನ ಮೇಜಿನ ಮೇಲಿಟ್ಟರು.

"ನೋಡೇ, ಹಾಳೆ ಏನ್ ಹೇಳತ್ತೋ ಅದನ್ನ ಬರಿ. ತಾತನ ಮುಖ ನೋಡ್ಕೊಂಡು ಬರೀಬೇಡ."

"ತಾತನ ಫೋಟೋನೇ ಕಳ್ಸಿಲ್ಲ," ಎಂದೆ.

"ಒಳ್ಳೇದಾಯ್ತು."

ಹಾಳೆಗೆ ಯಾವಾಗಲೋ ನೀರು ತಾಗಿತ್ತು. ಮಡಿಸಿಟ್ಟಿದ್ದರಿಂದ ನೀರು ಮಡಿಕೆಗಳ ಗುಂಟ ಇಳಿದು ಎರಡನೇ ಇನ್ನಿಂಗ್ಸಿನ ಮೂರು ಚೌಕಗಳನ್ನೂ ಎಂಟನೇ ಇನ್ನಿಂಗ್ಸಿನ ಎರಡನ್ನೂ ಕರಗಿಸಿತ್ತು. ಈ ಹಾಳೆಗಳಲ್ಲಿ ಒಬ್ಬೊಬ್ಬ ಬ್ಯಾಟರ್‌ನ ಸರದಿಗೆ ಒಂದೊಂದು ಚೌಕ. ಅವನು ಬೇಸ್ ಮುಟ್ಟಿದರೆ ಚೌಕದೊಳಗೆ ಒಂದು ಗೆರೆ, ಹೇಗೆ ಮುಟ್ಟಿದ ಎಂಬುದಕ್ಕೆ ಪಕ್ಕದಲ್ಲಿ ಒಂದು ಗುರುತು. ತಾತನ ಚೌಕದಲ್ಲಿ ಮೊದಲ ಬೇಸ್‌ವರೆಗಿನ ಗೆರೆ ಉಳಿದಿತ್ತು. ಗುರುತಿನ ಜಾಗದಲ್ಲಿ ನೀಲಿ ಮೋಡ.

ಮೊದಲ ವಾರ ಸ್ಪಷ್ಟವಾಗಿದ್ದ ಚೌಕಗಳಿಗೇ ಹೋಯಿತು. ನಮ್ಮ ಕೆಲಸದಲ್ಲಿ ಒಂದು ತಾಳೆ ಇದೆ. ಬ್ಯಾಟ್ ಹಿಡಿದು ಬಂದ ಪ್ರತಿಯೊಬ್ಬನಿಗೂ ಮೂರೇ ಗತಿ: ಸುತ್ತು ಮುಗಿಸಿ ರನ್ ಆದ, ಔಟಾದ, ಇಲ್ಲವೇ ಇನ್ನಿಂಗ್ಸ್ ಮುಗಿದಾಗ ಬೇಸ್ ಮೇಲೆಯೇ ಉಳಿದ. ಮೂರನ್ನೂ ಕೂಡಿದರೆ ಬ್ಯಾಟ್ ಹಿಡಿದು ಬಂದ ಸರದಿಗಳ ಸಂಖ್ಯೆ ಬರಬೇಕು. ನಾಲ್ಕು ರನ್, ಇಪ್ಪತ್ತೇಳು ಔಟ್, ಉಳಿದವರು ಎಂಟು. ಒಟ್ಟು ಮೂವತ್ತೊಂಬತ್ತು. ಹಾಳೆಯ ಚೌಕಗಳೂ ಮೂವತ್ತೊಂಬತ್ತು. ಗುರುವಾರ ಸಂಜೆ ಈ ತಾಳೆ ಸಿಕ್ಕಿತು. ತಾತ ಉಳಿದ ಎಂಟು ಜನರಲ್ಲಿ ಒಬ್ಬರು.

ಎರಡನೇ ವಾರ ಕಿವಿಯ ಕೆಲಸ. ಧ್ವನಿಮುದ್ರಿಕೆ ಇದ್ದದ್ದು ಮೊದಲ ಆರು ಇನ್ನಿಂಗ್ಸುಗಳದ್ದು ಮಾತ್ರ. ಎಂಟನೆಯದು ಸಿಗುವುದಿಲ್ಲ, ಎರಡನೆಯದು ಸಿಗುತ್ತದೆ. ಎಣ್ಣೆ ಕಾದಂತೆ ಚರಚರ ಎನ್ನುವ ಸದ್ದು. ಅದರ ಹಿಂದೆ ವಿವರಣೆಕಾರನ ದನಿ, ಅದರ ಹಿಂದೆ ಜನರ ಗದ್ದಲ. ಒಂದೊಂದು ವಾಕ್ಯವನ್ನು ಐದಾರು ಸಲ ಹಿಂದೆ ತಿರುಗಿಸಿ ಕೇಳುತ್ತಿದ್ದೆ. ಮಂಗಳವಾರ 212 ಸಲ ಹಿಂದೆ ತಿರುಗಿಸಿದೆ, ಬುಧವಾರ 187. ನಡುನಡುವೆ ವಿವರಣೆಕಾರನೇ ಓದುವ ಜಾಹೀರಾತುಗಳು ಬರುತ್ತವೆ. ಅವುಗಳನ್ನು ದಾಟಿ ಮುಂದೆ ಹೋಗಿ ಎಂಬುದು ನಮ್ಮ ತಂಡದ ಪದ್ಧತಿ. ದಾಟಿದ ಸಮಯವನ್ನು ನಾನು ಬರೆದಿಡುತ್ತೇನೆ. ಸಂಜೆ ಕೆಂಪು ಲೈನಿನ ಎಂಆರ್‌ಟಿ ಮೆಟ್ರೊದಲ್ಲಿ ಕುಳಿತರೆ ಗಾಲಿಯ ಸದ್ದಿನಲ್ಲೂ ಅದೇ ಚರಚರ. ಚೋವಾ ಚು ಕಾಂಗ್‌ನಲ್ಲಿ ಎಲ್‌ಆರ್‌ಟಿ ಎಂಬ ಪುಟ್ಟ ರೈಲಿಗೆ ಬದಲಾಯಿಸುವಾಗ ಯಾರಾದರೂ ಏನಾದರೂ ಕೇಳಿದರೆ ಎರಡನೇ ಸಲ ಕೇಳಿಸಿಕೊಳ್ಳದೆ ಉತ್ತರ ಹೇಳಲಾಗುತ್ತಿರಲಿಲ್ಲ.

ಪಕ್ಕದ ಮೇಜಿನವನು ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗ, ನನ್ನ ವಯಸ್ಸಿನವನೇ. ಅವನು ತನ್ನ ಹೆಡ್‌ಫೋನ್ ಸರಿಸಿ, ಇಲ್ಲಿಯವರಂತೆ ಮಾತಿಗೊಂದು 'ಲಾ' ಸೇರಿಸಿ ಹೇಳುತ್ತಿದ್ದ:

"ಸ್ಕೋರರ್ ಮೇಡಂ, ಬ್ರೇಕ್ ತಗೊಳ್ಳಿ ಲಾ. ನಿಮ್ ಕಿವಿ ಕೆಂಪಾಗಿದೆ."

"ಇನ್ನೊಂದು ಇನ್ನಿಂಗ್ಸ್."

"ನಿನ್ನೇನೂ ಅದೇ ಅಂದ್ರಿ. ನಿಮ್ಗೆ ಓವರ್‌ಟೈಮ್ ಬೇಡ, ಹೊಸ ಕಿವಿ ಬೇಕು."

ಗುರುವಾರದ ಹೊತ್ತಿಗೆ ಐದು ಮಸುಕು ಚೌಕಗಳಲ್ಲಿ ಮೂರು ಬಗೆಹರಿದವು: ಎರಡನೇ ಇನ್ನಿಂಗ್ಸಿನ ಎರಡು ಧ್ವನಿಯಿಂದ, ಎಂಟನೆಯದರ ಒಂದು ಔಟ್‌ಗಳ ಎಣಿಕೆಯಿಂದ. ಎರಡು ಉಳಿದವು. ಒಂದು, ಎರಡನೇ ಇನ್ನಿಂಗ್ಸಿನಲ್ಲಿ ತಂಡದ ಕ್ಯಾಚರ್‌ನದು, ಅಂದರೆ ಕ್ರಿಕೆಟ್ಟಿನ ವಿಕೆಟ್ ಕೀಪರ್‌ನಂಥವನದು. ಇನ್ನೊಂದು, ಎಂಟನೆಯದರಲ್ಲಿ ತಾತನದು. ಇಬ್ಬರೂ ಮೊದಲ ಬೇಸ್ ಮುಟ್ಟಿದ್ದಾರೆ. ಪತ್ರಿಕೆಯ ತುಣುಕಿನಲ್ಲಿ ಒಟ್ಟು ಮೊತ್ತಗಳಿದ್ದವು: ಪ್ರವಾಸಿ ತಂಡಕ್ಕೆ ಒಂಬತ್ತು ಹಿಟ್, ಎದುರಾಳಿ ಫೀಲ್ಡರ್‌ಗಳ ಎರರ್ ಎರಡು. ಉಳಿದ ಚೌಕಗಳಲ್ಲಿ ನಾನು ಎಣಿಸಿದ್ದು ಎಂಟು ಹಿಟ್, ಒಂದು ಎರರ್. ಚೆಂಡು ಎಸೆಯುವವನ ತಪ್ಪಿನಿಂದ, ಹೊಡೆಯದೆಯೇ ಪುಕ್ಕಟೆಯಾಗಿ ಬೇಸ್ ಸಿಕ್ಕ ಮೂವರೂ ಬೇರೆ ಚೌಕಗಳಲ್ಲಿ ಲೆಕ್ಕಕ್ಕೆ ಸಿಕ್ಕಿದ್ದರು. ಹಾಗಾದರೆ ಉಳಿದದ್ದು ಒಂದು ಹಿಟ್, ಒಂದು ಎರರ್. ಈ ಇಬ್ಬರಲ್ಲಿ ಒಬ್ಬನಿಗೆ ಅದು, ಇನ್ನೊಬ್ಬನಿಗೆ ಇದು. ಕ್ಯಾಚರ್‌ನದು ಏನೆಂದು ತಿಳಿದರೆ ತಾತನದು ತಾನಾಗಿ ತಿಳಿಯುತ್ತದೆ.

ಕ್ಯಾಚರ್‌ನದು ಧ್ವನಿಯಲ್ಲಿತ್ತು. ಕೇಳಿದೆ. ಚೆಂಡು ಮೂರನೇ ಬೇಸ್ ಕಾಯುವವನ ಕಡೆ ಉರುಳಿ ಹೋಯಿತು, ಅವನ ಕಾಲುಗಳ ನಡುವೆ ನುಸುಳಿತು, ಕ್ಯಾಚರ್ ಓಡಿ ಮೊದಲ ಬೇಸ್ ಮುಟ್ಟಿದ. ಗದ್ದಲ. ಮುಂದೆ ಜಾಹೀರಾತು. ಹಿಟ್ ಎಂದು ಹಾಕಿದೆ. ದಿನಚರಿಯ ಪ್ರಕಾರ ಆ ಚೌಕಕ್ಕೆ ನಾನು ತೆಗೆದುಕೊಂಡದ್ದು ನಾಲ್ಕು ನಿಮಿಷ.

ಆದ್ದರಿಂದ ತಾತನದು ಎರರ್.

ಶುಕ್ರವಾರ, ಮಾರ್ಚ್ 14. ಒಂಬತ್ತು ಹಿಟ್, ಎರಡು ಎರರ್, ಮೂವತ್ತೊಂಬತ್ತು ಸರದಿ. ಎಲ್ಲ ತಾಳೆಯಾಯಿತು. ಪರದೆಯ ಮೂಲೆಯಲ್ಲಿ ಹಸಿರು ಬಂತು. ನಾನು ಸಹಿ ಹಾಕಿದೆ, ಮುಖ್ಯಸ್ಥೆ ಹಾಕಿದರು. ಗೋಡೆಯ ಬಿಳಿ ಹಲಗೆಯಲ್ಲಿ ನಮ್ಮೆಲ್ಲರ ಹೆಸರಿನ ಮುಂದೆ ಸಹಿಯಾದ ಮೇಲೆ ಮಾಡಬೇಕಾಗಿ ಬಂದ ತಿದ್ದುಪಡಿಗಳ ಸಂಖ್ಯೆ ಇರುತ್ತದೆ. ನನ್ನದು ಮೂವತ್ತೊಂದು ವಾರಗಳಿಂದ ಸೊನ್ನೆ. ಹನ್ನೆರಡು ಪಂದ್ಯ, ಸೊನ್ನೆ.

"ಪಾಪ, ತಾತ," ಎಂದರು ಮುಖ್ಯಸ್ಥೆ, ಲ್ಯಾಪ್‌ಟಾಪ್ ಮುಚ್ಚುತ್ತ. "ಎರರ್ ಅಂದ್ರೆ ಎರರ್ ಬರೀರಿ ಅಂತ ಅವರೇ ಹೇಳಿದಾರಲ್ಲ. ಮಂಗಳವಾರ ಫೈಲ್ ಹೋಗ್ಲಿ. ನೀನು ಹೋಗಿ ಮಲ್ಕೋ."

ನಾನು ಹೋಗಿ ಮಲಗಿದೆ. ಶನಿವಾರವಿಡೀ ಮಲಗಿದ್ದೆ.

ಬುಕಿತ್ ಪಂಜಾಂಗ್‌ನಲ್ಲಿ ನಾನು ಒಂದು ಕನ್ನಡ ಕುಟುಂಬದ ಮನೆಯಲ್ಲಿ ರೂಮು ಮಾಡಿಕೊಂಡಿದ್ದೇನೆ. ಆ ಮನೆಯ ಅಂಕಲ್ ವಾರಾಂತ್ಯಗಳಲ್ಲಿ ನಡೆಯುವ ಕನ್ನಡದವರ ಕ್ರಿಕೆಟ್‌ಗೆ ಕಾಯಂ ಸ್ಕೋರರ್. ಭಾನುವಾರ ಬೆಳಿಗ್ಗೆ ಅವರು ನನ್ನ ಬಾಗಿಲು ತಟ್ಟಿದರು. ಜೊತೆಯ ಸ್ಕೋರರ್‌ಗೆ ಜ್ವರವಂತೆ.

"ಬಾರಮ್ಮ, ಮೂರು ಗಂಟೆ ಕೆಲ್ಸ. ಆಂಟಿ ಪುಳಿಯೋಗರೆ ಕಟ್ಕೊಟ್ಟಿದಾರೆ."

"ಅಂಕಲ್, ವಾರವೆಲ್ಲಾ ಸ್ಕೋರ್ ಬರ್ದು ಸಾಕಾಗಿದೆ."

"ಅದು ಅಮೆರಿಕದ್ದು. ಇದು ನಮ್ದು. ಕೈಗೆ ರೆಸ್ಟು."

ಮೈದಾನದ ಅಂಚಿನಲ್ಲಿ ಒಂದು ಮಡಚುವ ಮೇಜು, ಒಂದು ಛತ್ರಿ. ಹತ್ತು ಗಂಟೆಗೇ ಬೆನ್ನಿಗೆ ಬಟ್ಟೆ ಅಂಟಿಕೊಂಡಿತ್ತು. ಹತ್ತು ಓವರ್ ಆದ ಮೇಲೆ ಒಟ್ಟು ಮೊತ್ತಕ್ಕೂ ಬ್ಯಾಟರ್‌ಗಳ ರನ್‌ಗಳಿಗೂ ಒಂದರ ವ್ಯತ್ಯಾಸ ಕಂಡಿತು.

"ಅಂಕಲ್, ಒಂದು ರನ್ ಯಾರ ಹೆಸರಲ್ಲೂ ಇಲ್ಲ."

"ಲೆಗ್ ಬೈಗೆ ಹಾಕು."

"ಲೆಗ್ ಬೈ ಆಗ್ಲೇ ಇಲ್ವಲ್ಲಾ?"

"ಲೆಗ್ ಬೈ ಇರೋದೇ ಅದಕ್ಕಮ್ಮ," ಎಂದರು ಅಂಕಲ್, ಪುಳಿಯೋಗರೆಯ ಡಬ್ಬಿ ತೆಗೆಯುತ್ತ. "ಅನಾಥ ರನ್ನುಗಳ ಆಶ್ರಮ. ಟೋಟಲ್ ಸರಿ ಹೋಯ್ತೋ ಇಲ್ವೋ? ಮುಂದೆ ನೋಡು."

ಮೈಸೂರಿನಲ್ಲೂ ನಾವು ಹೀಗೇ ಮಾಡುತ್ತಿದ್ದೆವು. ಹಾಕಿದೆ.

ಹದಿಮೂರನೇ ಓವರ್. ಬ್ಯಾಟರ್ ಮಿಡ್‌ವಿಕೆಟ್ ಕಡೆ ಮೆತ್ತಗೆ ತಳ್ಳಿದ. ಅಲ್ಲಿ ನಿಂತಿದ್ದವನು ಬಗ್ಗಿದ, ಚೆಂಡು ಅವನ ಕಾಲುಗಳ ನಡುವೆ ಹಾದು ಹೋಯಿತು. ಅವನ ತಂಡದವರೇ ಕೂಗಿದರು: "ಗುರೂ, ಏನ್ ಟನಲ್ ತೋಡಿದೀಯೋ! ಇನ್ನೊಂದು ಎಂಆರ್‌ಟಿ ಲೈನ್ ಹಾಕ್ಬೋದು!" ಬ್ಯಾಟರ್‌ಗಳು ನಗುತ್ತಲೇ ಎರಡು ಓಡಿದರು.

ನಾನು ಬ್ಯಾಟರ್‌ನ ಹೆಸರಿನ ಮುಂದೆ 2 ಎಂದು ಬರೆದಾಗಿತ್ತು. ಬರೆದದ್ದು ನನ್ನ ಕೈ. ನಾನು ಇನ್ನೂ ಚೆಂಡನ್ನೇ ನೋಡುತ್ತಿದ್ದೆ. ಆಮೇಲೆ ಹಾಳೆಯ ಮೇಲಿನ 2 ನೋಡಿದೆ. ಕಾಲುಗಳ ನಡುವೆ ಹೋದ ಚೆಂಡು, ಬ್ಯಾಟರ್‌ನ ಹೆಸರಿನ ಮುಂದೆ ಅಂಕಿ.

"ಯಾಕಮ್ಮಾ, ಪೆನ್ನು ನಿಂತೋಯ್ತು?"

"ಅಂಕಲ್, ತಪ್ಪು ಆ ಫೀಲ್ಡರ್‌ದಲ್ವಾ? ರನ್ ಯಾಕೆ ಇವನಿಗೆ?"

ಅಂಕಲ್ ನನ್ನನ್ನು ಬಿಸಿಲು ಹತ್ತಿದವಳನ್ನು ನೋಡುವ ಹಾಗೆ ನೋಡಿದರು. "ತಪ್ಪು ಅವನ್ದು, ರನ್ ಇವನ್ದು. ಕ್ರಿಕೆಟ್ ಹುಟ್ಟಿದಾಗಿಂದ ಹಂಗೇ. ನೀರ್ ಕುಡೀತೀಯಾ?"

ನೀರು ಕುಡಿದೆ. ಉಳಿದ ಓವರ್‌ಗಳನ್ನು ಬರೆದು ಮುಗಿಸಿದೆ. ಎಲ್ಲವೂ ತಾಳೆಯಾಯಿತು, ಆಶ್ರಮದ ಆ ಒಂದು ರನ್ ಸೇರಿ. ಮನೆಗೆ ಬಂದು ದಿನಚರಿಯಲ್ಲಿ ಬರೆದೆ: 'ನಾಲ್ಕು ನಿಮಿಷ. ಕೈ.'

ನನಗೆ ನಿಯಮ ಗೊತ್ತಿರಲಿಲ್ಲ ಎಂದಲ್ಲ. ಎರರ್ ಎಂದರೇನೆಂದು ಪರೀಕ್ಷೆ ಬರೆದು ಪಾಸಾಗಿದ್ದೆ. ಹಾಳೆಯಲ್ಲಿ ಎರರ್ ಎಂದು ಬರೆದಿದ್ದರೆ ಅದನ್ನೇ ಹಾಕುತ್ತಿದ್ದೆ. ಬರೆದದ್ದು ಅಳಿಸಿ ಹೋಗಿ, ಬರೀ ಕಿವಿಯಿಂದ ತೀರ್ಮಾನಿಸಬೇಕಾಗಿ ಬಂದಾಗ, ದಣಿದಿದ್ದಾಗ, ನನ್ನೊಳಗಿನ ಹಳೆಯ ಸ್ಕೋರರ್ ಮುಂದೆ ಬಂದು ಬ್ಯಾಟರ್‌ಗೆ ಕೊಟ್ಟುಬಿಟ್ಟಿದ್ದಳು. ಇನ್ನೊಂದು ದಾರಿಯಲ್ಲಿ ಹಾಕಿದ್ದರೂ ಲೆಕ್ಕ ಅಷ್ಟೇ ಚೆನ್ನಾಗಿ ತಾಳೆಯಾಗುತ್ತಿತ್ತು. ಒಂಬತ್ತು ಹಿಟ್, ಎರಡು ಎರರ್. ಹಸಿರಿಗೆ ಯಾರ ಹಿಟ್ ಯಾರಿಗೆ ಹೋಯಿತೆಂಬುದು ಗೊತ್ತಾಗುವುದಿಲ್ಲ.

ಸೋಮವಾರ, ಮಾರ್ಚ್ 17. ಗಡುವಿಗೆ ಒಂದು ದಿನ. ಆ ಹೊಡೆತದ ಇಪ್ಪತ್ತು ಸೆಕೆಂಡನ್ನು ಮಾತ್ರ ಕತ್ತರಿಸಿ ಪಕ್ಕದ ಮೇಜಿನವನಿಗೆ ಕೊಟ್ಟೆ. ಯಾವ ಪಂದ್ಯ, ಯಾಕೆ, ಏನೂ ಹೇಳಲಿಲ್ಲ. ಅವನಿಗೆ ಕ್ರಿಕೆಟ್ ಗೊತ್ತಿಲ್ಲ. ಇಲ್ಲಿನ ಶಾಲೆಯಲ್ಲಿ ಬೇಸ್‌ಬಾಲ್‌ನ ತಂಗಿಯಂತಿರುವ ಸಾಫ್ಟ್‌ಬಾಲ್ ಆಡಿ ಬೆಳೆದವನು.

"ಟ್ರಿಕ್ ಏನಿದೆ ಇದ್ರಲ್ಲಿ?" ಎಂದ.

"ಏನಿಲ್ಲ. ಏನ್ ಅನ್ಸತ್ತೋ ಹಾಕು."

ಒಂದೇ ಸಲ ಕೇಳಿದ. "ಎರರ್ ಲಾ. ಕೈಗೇ ಬಂದಿರೋ ಬಾಲು. ಸ್ಕೂಲಲ್ಲಿ ನಾನು ಹಿಂಗ್ ಬಿಟ್ಟಿದ್ರೆ ಕೋಚ್ ಹತ್ತು ರೌಂಡ್ ಓಡಿಸ್ತಿದ್ರು. ಇದಕ್ಕೆ ಹಿಟ್ ಯಾರ್ ಕೊಡ್ತಾರೆ?"

"ನಾನು ಕೊಟ್ಟಿದೀನಿ."

ಅವನು ನಗಲು ಶುರು ಮಾಡಿದವನು ನನ್ನ ಮುಖ ನೋಡಿ ನಿಲ್ಲಿಸಿದ. "ಯಾವ್ ಗೇಮು? ಆ ತಾತಂದಾ?" ಆಮೇಲೆ ಮೆಲ್ಲಗೆ, "ಅಯ್ಯೋ, ಸಾರಿ ಲಾ."

ಮುಖ್ಯಸ್ಥೆಯ ಬಳಿ ಹೋದೆ. ಅವರು ಆಗಲೇ ನಾಳೆಯ ಫೈಲುಗಳನ್ನು ಜೋಡಿಸುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು.

"ಶುಕ್ರವಾರ ಎರರ್ ಅಂದೆ, ಸೋಮವಾರ ಹಿಟ್ ಅಂತೀಯ. ಬುಧವಾರ ಏನ್ ಅಂತೀಯ?"

"ಶುಕ್ರವಾರ ನಂದು ತಪ್ಪಾಯ್ತು."

"ಇವತ್ತಿಂದು ಸರಿ ಅಂತ ಹೆಂಗೆ? ಆ ಪತ್ರ ಓದಿದೀಯ. ಹೆಸರು ಬರ್ಲಿ ಅಂತ ನಿಂಗೂ ಆಸೆ ಇದೆ. ನಂಗೂ ಇದೆ. ಆಸೆ ಇರೋ ಕಿವೀನ ನಾನು ನಂಬಲ್ಲ."

"ಅವನು ಏನೂ ಗೊತ್ತಿಲ್ದೇ ಎರರ್ ಅಂದ."

"ಅವನು ಶಾಲೇಲಿ ಆಡಿದ್ದು ಪುರಾವೆ ಅಲ್ಲ ಕಣೇ. ಅವತ್ತು ಅಲ್ಲಿ ಕೂತಿದ್ದ ಸ್ಕೋರರ್ ಏನ್ ಬರ್ದ? ನಂಗದು ಬೇಕು. ನಾಳೆ ಮಧ್ಯಾಹ್ನ ಮೂರಕ್ಕೆ ಫೈಲ್ ಹೋಗತ್ತೆ. ಸಿಗ್ಲಿಲ್ಲ ಅಂದ್ರೆ ಇರೋದೇ ಹೋಗತ್ತೆ."

ಅವರು ಹೇಳಿದ್ದು ಸರಿಯಾಗಿತ್ತು. ಅದರಿಂದಲೇ ಹೆಚ್ಚು ಸುಸ್ತಾಯಿತು.

ಅಧಿಕೃತ ಸ್ಕೋರರ್‌ನ ತೀರ್ಮಾನವನ್ನು ವಿವರಣೆಕಾರರು ಕೆಲವೊಮ್ಮೆ ತಡವಾಗಿ ಹೇಳುತ್ತಾರೆ. ಎರಡನೇ ಇನ್ನಿಂಗ್ಸಿನ ಉಳಿದ ಭಾಗವನ್ನು ಮತ್ತೆ ಕೇಳಿದೆ. ಇಲ್ಲ. ಮೂರನೆಯದು. ಇಲ್ಲ. ಕ್ಯಾಚರ್ ಮುಂದಿನ ಸಲ ಬ್ಯಾಟ್‌ಗೆ ಬಂದಾಗ ಹಿಂದಿನ ಸರದಿಯ ಬಗ್ಗೆ ಏನಾದರೂ ಹೇಳಿರಬಹುದೆಂದು ನಾಲ್ಕನೆಯದನ್ನು ಪೂರ್ತಿ ಕೇಳಿದೆ. ಅಲ್ಲಿ ಆರು ಸೆಕೆಂಡು ಬರೀ ಸದ್ದು. ಸಂಜೆ ಆರಾಯಿತು. ಪಕ್ಕದ ಮೇಜಿನವನು ಇಲ್ಲಿನವರು ಕೋಪಿ ಎನ್ನುವ ಕಾಫಿ ತಂದಿಟ್ಟು ಹೋದ, ಅದು ತಣ್ಣಗಾಯಿತು. ಆ ದಿನದ ಎಣಿಕೆ: 241 ಸಲ ಹಿಂದೆ ತಿರುಗಿಸಿದ್ದು, ಸಿಕ್ಕಿದ್ದು ಸೊನ್ನೆ.

ಮಂಗಳವಾರ ಬೆಳಿಗ್ಗೆ ಬೇಗ ಹೋದೆ. ಕೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಹೆಡ್‌ಫೋನ್ ತೆಗೆದಿಟ್ಟು ನನ್ನದೇ ಟಿಪ್ಪಣಿಗಳನ್ನು ಮೊದಲಿಂದ ಓದಿದೆ. ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಏನು ಕೇಳಿದೆ ಎಂಬ ಪಟ್ಟಿ. ಕ್ಯಾಚರ್‌ನ ಹೊಡೆತದ ಕೆಳಗಿನ ಸಾಲು: 'ಜಾಹೀರಾತು, 55 ಸೆಕೆಂಡು. ದಾಟಿದೆ.'

ಎರಡು ವಾರಗಳಲ್ಲಿ ನಾನು ಆ ಪಂದ್ಯದ ಹದಿನೇಳು ಜಾಹೀರಾತುಗಳನ್ನು ದಾಟಿದ್ದೆ. ನಿನ್ನೆಯೂ, ಅಷ್ಟು ಹುಡುಕುವಾಗಲೂ, ಕೈ ತಾನಾಗಿ ದಾಟಿತ್ತು.

ಕೇಳಿದೆ. ಮೋಟಾರು ಎಣ್ಣೆಯ ಜಾಹೀರಾತು. ಚಳಿಗಾಲದಲ್ಲಿ ಎಂಜಿನ್ನು ಹೇಗೆ ನರಳುತ್ತದೆ ಎಂದು ಆತ ನಲವತ್ತು ಸೆಕೆಂಡು ವಿವರಿಸಿದ. ಅದೇ ಉಸಿರಿನಲ್ಲಿ, ಕಾಗದ ಮಗುಚುವ ಸದ್ದಿನೊಂದಿಗೆ, ಸ್ಪಷ್ಟವಾಗಿ ಹೇಳಿದ: ಆಗಿನದು ಎರರ್ ಎಂದು ತೀರ್ಮಾನ ಬಂದಿದೆ, ಮೂರನೇ ಬೇಸ್‌ನವನ ಲೆಕ್ಕಕ್ಕೆ. ಆಮೇಲೆ ಮತ್ತೆ ಎಂಜಿನ್ನು.

ಹೆಡ್‌ಫೋನನ್ನು ಮುಖ್ಯಸ್ಥೆಯ ಕಿವಿಗೆ ಕೊಟ್ಟೆ. ಅವರು ನಿಂತುಕೊಂಡೇ ಕೇಳಿದರು, ಇನ್ನೊಮ್ಮೆ ಕೇಳಿದರು.

"ಜಾಹೀರಾತು ದಾಟಿ ಅಂತ ಪದ್ಧತಿ ಮಾಡಿದ್ದು ನಾನು," ಎಂದರು. ಕುರ್ಚಿ ಎಳೆದು ಕುಳಿತರು. "ಸರಿ. ಕ್ಯಾಚರ್‌ದು ಎರರ್, ತಾತಂದು ಹಿಟ್. ತಾತಂದು ನೇರವಾಗಿ ಓದಿದ್ದಲ್ಲ, ಲೆಕ್ಕದಿಂದ ಬಂದಿದ್ದು ಅಂತ ಷರಾ ಬರಿ. ಕ್ಯಾಚರ್‌ಗೆ ಬೇರೆ ಹಿಟ್ ಇದೆಯಾ?"

"ಆ ಸೀಸನ್‌ನಲ್ಲೇ ಐವತ್ತರ ಮೇಲಿದೆ. ಒಂದು ಕಮ್ಮಿ ಆಗತ್ತೆ ಅಷ್ಟೆ."

"ಅವನ ಹೆಸರು ಹೋಗಲ್ಲ. ಒಳ್ಳೇದು. ತಿದ್ದಿ ಕಳ್ಸು."

ಅಲ್ಲಿಗೆ ಮುಗಿಸಿ ಎದ್ದು ಬರಬಹುದಿತ್ತು. ಆ ಕ್ಷಣ ನನಗೆ ಬೇಕಾಗಿದ್ದದ್ದು ಅದೇ. ಆದರೆ ಬೆಳಿಗ್ಗೆ ಟಿಪ್ಪಣಿ ಓದುವಾಗ ನಾನು ಇನ್ನೊಂದು ಪಟ್ಟಿಯನ್ನೂ ಮಾಡಿಕೊಂಡಿದ್ದೆ. ಅದು ನನ್ನ ಜೇಬಿನಲ್ಲಿತ್ತು. ಹಿಂದಿನ ಹನ್ನೊಂದು ಪಂದ್ಯಗಳಲ್ಲಿ ಹಾಳೆಯ ಆಧಾರವಿಲ್ಲದೆ ಬರೀ ಕಿವಿಯಿಂದ ನಾನು ತೀರ್ಮಾನಿಸಿದ ಚೌಕಗಳು: ನಲವತ್ತಮೂರು.

"ಇನ್ನೂ ಇದೆ," ಎಂದು ಪಟ್ಟಿಯನ್ನು ಮೇಜಿನ ಮೇಲಿಟ್ಟೆ. "ಇದೇ ಕೈಯಲ್ಲೇ ಇವನ್ನೂ ಹಾಕಿದ್ದು."

ಅವರು ಪಟ್ಟಿಯನ್ನು ಕೊನೆಯವರೆಗೂ ಓದಿದರು. "ಯಾರೂ ಕೇಳಿಲ್ಲ ಇದನ್ನ."

"ಇಲ್ಲ."

"ಇವರಲ್ಲಿ ಯಾರ ಮಗಳೂ ಪತ್ರ ಬರ್ದಿಲ್ಲ."

"ಇಲ್ಲ."

"ನಿನ್ನ ಸೊನ್ನೆ ಹೋಗತ್ತೆ."

"ಇವತ್ತು ಮೂರು ಗಂಟೆಗೇ ಹೋಗ್ತಿದೆಯಲ್ಲಾ."

"ಎಲ್ಲದ್ರಲ್ಲೂ ನನ್ ಸಹಿ ಇದೆ," ಎಂದರು. ಹೆಚ್ಚಾಗಿ ತಮಗೇ ಹೇಳಿಕೊಂಡದ್ದು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನೀನು ಕೇಳ್ಬೇಡ. ನಿನ್ ಪಕ್ಕದವನ ಕೈಲಿ ಕೇಳ್ಸು, ಏನೂ ಹೇಳ್ದೇನೇ. ಅವನಿಗೂ ನಿಂಗೂ ಬೇರೆ ಬೇರೆ ಬಂದ್ರೆ ನಾನು ಕೇಳ್ತೀನಿ. ಜಾಹೀರಾತು ಸೇರ್ಸಿ."

ಮೂರು ಗಂಟೆಗೆ ಐದು ನಿಮಿಷವಿರುವಾಗ ತಿದ್ದಿದ ಫೈಲು ಹೋಯಿತು. ಮುಖ್ಯಸ್ಥೆ ಎದ್ದು ಹೋಗಿ ಹಲಗೆಯ ಮೇಲೆ ನನ್ನ ಸೊನ್ನೆಯನ್ನು ಒರೆಸಿ 1 ಬರೆದರು. ಕೆಳಗೆ ಒಂದು ಹೊಸ ಸಾಲು ಸೇರಿಸಿದರು: ತಮ್ಮ ಹೆಸರು, ಅದರ ಮುಂದೆಯೂ 1. ಅಲ್ಲಿಯವರೆಗೆ ಹಲಗೆಯಲ್ಲಿ ಅವರ ಹೆಸರೇ ಇರಲಿಲ್ಲ.

ನಲವತ್ತಮೂರು ಚೌಕಗಳಿಗೆ ಹದಿಮೂರು ಕೆಲಸದ ದಿನಗಳು ಹಿಡಿದವು. ದಿನದ ಹೊಸ ಕೆಲಸದ ಜೊತೆಗೆ ಮೂರು, ನಾಲ್ಕು. ಪಕ್ಕದ ಮೇಜಿನವನು ಮೊದಲ ದಿನ ಗೊಣಗಿದ, ಆಮೇಲೆ ಕೇಳುವುದನ್ನೇ ಬಿಟ್ಟು ಕೈ ಚಾಚುತ್ತಿದ್ದ. "ಕೊಡಿ ಮೇಡಂ, ಇವತ್ತಿನ ಪಾಪಗಳು." ನಲವತ್ತಮೂರರಲ್ಲಿ ನಲವತ್ತು ಸರಿಯಿದ್ದವು. ಮೂರು ತಪ್ಪು, ಮೂರರಲ್ಲೂ ಒಂದೇ ತಪ್ಪು: ಫೀಲ್ಡರ್ ಬಿಟ್ಟದ್ದನ್ನು ಬ್ಯಾಟರ್‌ಗೆ ಕೊಟ್ಟಿದ್ದೆ. ಇವುಗಳಿಂದ ಯಾರ ಹೆಸರೂ ಯಾವ ಫಲಕಕ್ಕೂ ಏರಲಿಲ್ಲ, ಇಳಿಯಲಿಲ್ಲ. ಅಂಕಿ ಬದಲಾಯಿತು, ಅಷ್ಟೆ. ಹಲಗೆಯಲ್ಲಿ ನನ್ನ ಮುಂದೆ 4, ಮುಖ್ಯಸ್ಥೆಯ ಮುಂದೆ 4.

ಏಪ್ರಿಲ್ 4, ಶುಕ್ರವಾರ. ಕೊನೆಯ ಚೌಕ ಮುಗಿದ ದಿನವೇ ಆ ಮಹಿಳೆಯ ಉತ್ತರ ಬಂತು. ಪಟ್ಟಿ ಕೆತ್ತುವವರಿಗೆ ತಲುಪಿದೆ, ಅಪ್ಪನ ಹೆಸರಿದೆ. ಅಪ್ಪನಿಗೆ ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲವಂತೆ. ಹಿಟ್ ಎಂದು ಮೊದಲೇ ಹೇಳಿದ್ದೆನಲ್ಲ ಎಂದರಂತೆ. ಆದರೆ ಸ್ವಲ್ಪ ಹೊತ್ತಿನ ಮೇಲೆ ಒಂದು ಪ್ರಶ್ನೆ ಕೇಳಿದ್ದಾರೆ, ಅದನ್ನು ನಮಗೆ ಕಳಿಸುವಂತೆ ಹಟ ಮಾಡಿದ್ದಾರೆ. 'ನಾನು ಮೊದಲ ಬೇಸ್ ಮೇಲೆ ನಿಂತಿದ್ದೆ. ನನ್ನ ಹಿಂದೆ ಬಂದವನು ಹೇಗೆ ಔಟಾದ? ಅದು ಮಾತ್ರ ನೆನಪಾಗುತ್ತಿಲ್ಲ.'

ಹಾಳೆಯನ್ನು ತೆರೆದೆ. ಎಂಟನೇ ಇನ್ನಿಂಗ್ಸ್. ತಾತನ ಒದ್ದೆ ಚೌಕದ ನಂತರದ ಚೌಕಕ್ಕೆ ನೀರು ತಾಗಿರಲಿಲ್ಲ. ನೀಲಿ ಶಾಯಿಯ ಗುರುತು ನಿನ್ನೆ ಬರೆದಂತಿತ್ತು. ಮೈದಾನದ ನಡುಭಾಗದಲ್ಲಿ ದೂರ ನಿಂತವನಿಗೆ ಎತ್ತರದ ಕ್ಯಾಚು, ಮೂರನೇ ಔಟ್. ಇದಕ್ಕೆ ಕಿವಿ ಬೇಕಿರಲಿಲ್ಲ, ಲೆಕ್ಕ ಬೇಕಿರಲಿಲ್ಲ. ಹಾಗೆಯೇ ಬರೆದು ಕಳಿಸಿದೆ.

ಸೋಮವಾರ ಒಂದು ಸಾಲಿನ ಉತ್ತರವಿತ್ತು. 'ಎತ್ತರದ ಕ್ಯಾಚು ಎಂದ ಕೂಡಲೇ ಅಪ್ಪನಿಗೆ ನೆನಪಾಯಿತು. ಅದನ್ನು ಅವನು ಹಿಡಿಯುವಷ್ಟರಲ್ಲಿ ನಾನು ಎರಡನೇ ಬೇಸ್ ದಾಟಿ ಓಡುತ್ತಿದ್ದೆ ಎಂದರು.'

ಇದನ್ನು ಪಕ್ಕದ ಮೇಜಿನವನಿಗೆ ಓದಿ ಹೇಳಿದೆ. "ಅದಕ್ಕೆ ಕೋಡ್ ಇಲ್ಲ ಲಾ," ಎಂದ. ಔಟ್ ಆದ ಹೊಡೆತದಲ್ಲಿ ಯಾರು ಎಲ್ಲಿಯವರೆಗೆ ಓಡಿದ್ದರು ಎಂಬುದಕ್ಕೆ ಹಾಳೆಯಲ್ಲಿ ಜಾಗವಿಲ್ಲ, ನಮ್ಮ ಪರದೆಯಲ್ಲೂ ಇಲ್ಲ. ದಾಖಲೆಯಲ್ಲಿ ಅವರು ಮೊದಲ ಬೇಸ್ ಮೇಲೆ ಉಳಿದವರು, ಎಂಟು ಜನರಲ್ಲಿ ಒಬ್ಬರು.

ಸಂಜೆ ಎಲ್‌ಆರ್‌ಟಿಯಲ್ಲಿ ಕೂರಲು ಜಾಗ ಸಿಕ್ಕಿತು. ದಿನಚರಿ ತೆಗೆದು ಬರೆದೆ: 'ಏಪ್ರಿಲ್ 7, ಸೋಮವಾರ. ಹೊಸ ಪಂದ್ಯ ಒಂದು. ಮಸುಕು ಚೌಕಗಳು ಎರಡು. ಹಿಂದೆ ತಿರುಗಿಸಿದ್ದು 96. ದಾಟಿದ ಜಾಹೀರಾತು ಸೊನ್ನೆ. ತಾತ ಎರಡನೇ ಬೇಸ್ ದಾಟಿದ್ದರು.'